ಕೊಕ್ಕರೆ ತಂಡದ ಒಂಬತ್ತನೆಯ ಸಹಿ

ಸಂಗಮೇಶ ಹೂಗಾರ ಶುಕ್ರವಾರ ಬೆಳಿಗ್ಗೆ ಡಲ್ಲಸ್ ಪಕ್ಕದ ರಿಚರ್ಡ್‌ಸನ್ನಿನ ತನ್ನ ಮನೆಯಲ್ಲಿ ತೀರಿಕೊಂಡ. ಮೇದೋಜೀರಕದ ಕ್ಯಾನ್ಸರ್. ಐವತ್ತು ದಾಟಿತ್ತು, ಅಷ್ಟೇ.

ಚಿದಾನಂದನಿಗೆ ಫೋನ್ ಬಂದಾಗ ಅವನು ಹ್ಯೂಸ್ಟನ್ನಿನ ಉತ್ತರಕ್ಕೆ, ದ ವುಡ್‌ಲ್ಯಾಂಡ್ಸ್‌ನಲ್ಲಿ, ತನ್ನ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸುತ್ತಿದ್ದ. ಹಿಂದಿನ ಸಂಜೆಯಷ್ಟೇ ಅವನು ಗೆಳೆಯನನ್ನು ನೋಡಿಕೊಂಡು ವಾಪಸಾಗಿದ್ದ. "ಚಿದಾನಂದಣ್ಣ, ಇವರು ಹೋದ್ರು" ಎಂದಳು ಸಂಗಮೇಶನ ಹೆಂಡತಿ ಮಧುಶ್ರೀ. ಅವಳು ಅಳುತ್ತಿರಲಿಲ್ಲ. ಚಿದಾನಂದ ಎಂಜಿನ್ ಆರಿಸದೆ ಹಾಗೇ ಗಾಡಿ ತಿರುಗಿಸಿ ಡಲ್ಲಸ್ ದಾರಿ ಹಿಡಿದ.

ದಾರಿಯಲ್ಲಿ ಪೆಟ್ರೋಲು ಹಾಕಿಸುವಾಗ ಕನ್ನಡ ಬಳಗದ ವಾಟ್ಸಾಪ್ ಸಂದೇಶ ಬಂತು. ಸಂಗಮೇಶನ ಫೋಟೋ, ಅದರ ಸುತ್ತ ಕೈಮುಗಿದ ಚಿತ್ರಗಳು. ಸರಳ ಸಜ್ಜನ, ಸ್ನೇಹಜೀವಿ, ಎಲ್ಲರೊಂದಿಗೆ ಬೆರೆಯುವ ಸ್ವಭಾವ, ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಸಂಗ್ರಹಿಸುವ ಹವ್ಯಾಸ ಹೊಂದಿದ್ದರು. ಚಿದಾನಂದ ಪಂಪಿನ ಪಕ್ಕದಲ್ಲೇ ನಿಂತು ಓದಿದ. ಬೆರೆಯುವ ಸ್ವಭಾವವಂತೆ. ಬಳಗದ ಯುಗಾದಿ ಊಟಕ್ಕೆ ಬಂದರೂ ಒಬ್ಬನೇ ತಟ್ಟೆ ಹಿಡಿದು ಗೋಡೆಗೆ ಆತು ನಿಲ್ಲುತ್ತಿದ್ದವನು. ಆ ಕಾರ್ಡುಗಳಾದರೂ ಹವ್ಯಾಸವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಹವ್ಯಾಸದಿಂದ ಮನೆ ಒಡೆಯುವುದಿಲ್ಲ.

ಇಬ್ಬರೂ ಇದೇ ರಿಚರ್ಡ್‌ಸನ್ನಿನಲ್ಲಿ ಎಂ.ಎಸ್. ಓದುವಾಗ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದವರು. ಚಿದಾನಂದ ಹುಬ್ಬಳ್ಳಿಯವನು, ಸಂಗಮೇಶ ಬಾಗಲಕೋಟೆಯವನು. ಬೇಸ್‌ಬಾಲ್ ಇಬ್ಬರಿಗೂ ಗೊತ್ತಿರಲಿಲ್ಲ. ಸಂಗಮೇಶನಿಗೆ ಕ್ರಿಕೆಟ್ಟೂ ಸೇರುತ್ತಿರಲಿಲ್ಲ. ಅವನು ಆಡಿದ್ದು ಕಬಡ್ಡಿ, ಅದೂ ಹಳೇ ಬಾಗಲಕೋಟೆಯ ಕಿಲ್ಲಾ ಓಣಿಯ ಹುಡುಗರ ಜೊತೆ. ಆ ಮೈದಾನದ ಮೇಲೆ ಈಗ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ನಿಂತಿದೆ.

ಕಾರ್ಡು ಬಂದದ್ದು ಒಂದು ಮೇಜಿನಿಂದ. ಮಗಳು ನಿಧಿ ಒಂದನೇ ಕ್ಲಾಸಿಗೆ ಸೇರಿದ ವರ್ಷ, ಅವಳಿಗೆ ಓದುವ ಮೇಜು ಬೇಕೆಂದು ಗೆಳೆಯರಿಬ್ಬರೂ ದಕ್ಷಿಣ ಡಲ್ಲಸ್ಸಿನ ಒಂದು ಮನೆಗೆ ಹೋದರು. ಟಾಲ್ಬರ್ಟ್ ಎಂಬ ಕಪ್ಪು ಜನಾಂಗದ ಅಜ್ಜಿ ಮನೆ ಖಾಲಿ ಮಾಡುತ್ತಿದ್ದರು. ಮೇಜು ತಂದರು. ಅದರ ಒಂದು ಡ್ರಾವರು ಬಿಗಿಯಾಗಿತ್ತು. ಸಂಗಮೇಶ ಮನೆಯಲ್ಲಿ ಅದನ್ನು ಎಳೆದು ತೆಗೆದರೆ ಒಳಗೊಂದು ತಂಬಾಕಿನ ತಗಡಿನ ಡಬ್ಬಿ, ಡಬ್ಬಿಯಲ್ಲಿ ಒಂಬತ್ತು ಕಾರ್ಡು. ಇಸ್ಪೀಟೆಲೆಯಷ್ಟು ದೊಡ್ಡ ರಟ್ಟು. ಪ್ರತಿಯೊಂದರ ಮೇಲೂ ಟೋಪಿ ಹಾಕಿದ ಒಬ್ಬ ಕಪ್ಪು ಯುವಕ. ಕೆಳಗೆ ಹೆಸರು, ತಂಡದ ಹೆಸರು: ಟ್ರಿನಿಟಿ ಹೆರನ್ಸ್. ಹಿಂದುಗಡೆ ಒಂದು ಮಂಜುಗಡ್ಡೆ ಅಂಗಡಿಯ ಜಾಹೀರಾತು. ಐದು ಕಾರ್ಡಿನ ಮೇಲೆ ನೀಲಿ ಶಾಯಿಯ ಸಹಿ ಇತ್ತು.

"ಇಟ್ಕೋಲೇ, ಮೇಜಿನ ಜೊತಿ ಬಂದದ್ದು" ಎಂದ ಚಿದಾನಂದ. ಸಂಗಮೇಶ ಮರುದಿನವೇ ಡಬ್ಬಿ ಹಿಂದಿರುಗಿಸಲು ಹೋದ. ಅಜ್ಜಿ ಅದರಿಂದ ಒಂದು ಕಾರ್ಡು ತೆಗೆದು ನೋಡಿದರಂತೆ. ಅದು ತೀರಿಹೋದ ಅವರ ಗಂಡ. ನೋಡಿ ಮತ್ತೆ ಡಬ್ಬಿಯೊಳಗಿಟ್ಟು, "ಐವತ್ತು ವರ್ಷದಲ್ಲಿ ನನ್ನ ಮಕ್ಕಳು ಇದನ್ನು ಕೇಳಲಿಲ್ಲ. ನೀನು ಕೊಡೋದಕ್ಕೆ ವಾಪಸ್ ಬಂದೆ. ತಗೊಂಡು ಹೋಗು" ಎಂದರಂತೆ. ತಂಡದ ಕತೆಯನ್ನೂ ಅವರೇ ಹೇಳಿದರು. ಟ್ರಿನಿಟಿ ನದಿಯ ತಗ್ಗಿನಲ್ಲಿ ಅವರ ಮೈದಾನ. ಭಾನುವಾರ ಚರ್ಚು ಮುಗಿದ ಮೇಲೆ ಆಟ. ಬಿಳಿಯರ ಪತ್ರಿಕೆಗಳು ಒಂದು ಸಾಲೂ ಬರೆಯಲಿಲ್ಲ. ಒಂದೇ ಒಂದು ಬೇಸಿಗೆ, ಮಂಜುಗಡ್ಡೆ ಅಂಗಡಿಯವನು ಅಭಿಮಾನದಿಂದ ಈ ಕಾರ್ಡು ಅಚ್ಚು ಹಾಕಿಸಿ ಗಿರಾಕಿಗಳಿಗೆ ಕೊಟ್ಟ. ಆಮೇಲೆ ಹೈವೇ ಬಂತು. ಮೈದಾನದ ಮೇಲೆ ಕಂಬಗಳು ಎದ್ದವು. ತಂಡದವರು ಕೊನೆಯ ಸಲ ಸೇರಿ ಊಟ ಮಾಡಿದ ದಿನ, ಬಂದಿದ್ದವರು ತಮ್ಮ ತಮ್ಮ ಕಾರ್ಡಿಗೆ ಸಹಿ ಹಾಕಿದರು. ನಾಲ್ವರು ಬಂದಿರಲಿಲ್ಲ.

ಆ ನಾಲ್ವರನ್ನು ಹುಡುಕುವುದೇ ಸಂಗಮೇಶನ ಬಾಳಾಯಿತು. ಹೆರನ್ ಎಂದರೆ ಕೊಕ್ಕರೆ ಎಂದು ತಿಳಿದ ಮೇಲೆ ಅವನು ತಂಡವನ್ನು "ನಮ್ಮ ಕೊಕ್ಕರೆಗಳು" ಎಂದೇ ಕರೆಯುತ್ತಿದ್ದ. ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಅವನ ಜೊತೆ ಕೆಲಸ ಮಾಡುವವರಿಗೆ ಅವನ ಹೆಂಡತಿಯ ಹೆಸರು ಗೊತ್ತಿರಲಿಲ್ಲ, ಕೊಕ್ಕರೆ ತಂಡದಲ್ಲಿ ಚೆಂಡೆಸೆಯುವ ಪಿಚರಿನ ಹೆಸರು ಗೊತ್ತಿತ್ತು.

ಚಿದಾನಂದ ಒಮ್ಮೆ ಕೇಳಿಯೇಬಿಟ್ಟ: "ಅವರ ಮೈದಾನಾನೂ ಹೋತು ಅಂತ ಹಿಡಕೊಂಡೀ ಏನಲೇ ಇದನ್ನ? ನಿಮ್ಮ ಕಿಲ್ಲಾ ಓಣಿ ನೆನಪಾಗತೈತೇನು?"

"ಎಲ್ಲಾದಕ್ಕೂ ಬಾಗಲಕೋಟಿ ತಂದು ಹಚ್ಚಬ್ಯಾಡ" ಎಂದು ಸಂಗಮೇಶ ಸಿಡುಕಿದ. "ಒಂಬತ್ತು ಮಂದಿ ಅದಾರ, ಐದು ಸಹಿ ಅದಾವ. ಪೂರಾ ಆಗಬೇಕು. ಅಷ್ಟ ವಿಷಯ."

ಆರನೆಯದು ಫೋರ್ಟ್ ವರ್ತ್‌ನಲ್ಲಿ ಸಿಕ್ಕಿತು, ಏಳನೆಯದು ವೇಕೋದಲ್ಲಿ. ಎಂಟನೆಯ ಆಟಗಾರ ಹ್ಯೂಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿದ್ದ. ಅಲ್ಲಿಗೆ ಚಿದಾನಂದನೇ ಕರೆದುಕೊಂಡು ಹೋಗಿದ್ದ. ಮುದುಕನಿಗೆ ನೆನಪು ಅಳಿಸಿಹೋಗಿತ್ತು. ಬಂದವರು ಯಾರೆಂದು ಮತ್ತೆ ಮತ್ತೆ ಕೇಳುತ್ತಿದ್ದ. ಸಂಗಮೇಶ ಅವನ ಬೆರಳ ಸಂದಿಯಲ್ಲಿ ಪೆನ್ನು ಇಟ್ಟು, ಕಾರ್ಡು ಹಿಡಿದು, ಮಧ್ಯಾಹ್ನವಿಡೀ ಅಲ್ಲಾಡದೆ ಕೂತ. ಊಟದ ಗಾಡಿ ಬಂದು ಹೋಯಿತು. ಕೊನೆಗೆ ಮುದುಕನ ಕೈ ತಾನೇ ಚಲಿಸಿ ಹೆಸರು ಬರೆಯಿತು.

ಹೊರಗೆ ಬಂದ ಕೂಡಲೇ ಚಿದಾನಂದ ಕೇಳಿದ: "ತಾ ಏನ್ ಬರೀಲಿಕತ್ತೀನಿ ಅಂತ ಅವಗ ಗೊತ್ತಿತ್ತೇನಲೇ?"

"ಅವನ ಕೈಗೆ ಗೊತ್ತಿತ್ತು."

ಅವರು ಹ್ಯೂಸ್ಟನ್ನಿನಲ್ಲಿದ್ದ ಅದೇ ಶನಿವಾರ ಡಲ್ಲಸ್ಸಿನಲ್ಲಿ ಮಧುಶ್ರೀ ನಡೆಸುವ ಕನ್ನಡ ಶಾಲೆಯ ವಾರ್ಷಿಕೋತ್ಸವ. ನಿಧಿ ನಾಟಕದಲ್ಲಿ ರಾಣಿಯ ಪಾತ್ರ ಮಾಡಿದ್ದಳು. ಸಂಗಮೇಶ ಹೋಗಿರಲಿಲ್ಲ. ಅದೊಂದೇ ಅಲ್ಲ, ಎಷ್ಟೋ ತಪ್ಪಿಸಿಕೊಂಡಿದ್ದ. ಮಧುಶ್ರೀ ಮೊದಮೊದಲು ಜಗಳ ಮಾಡಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಮಕ್ಕಳಿಗೆ ಅಕ್ಷರ ಕಲಿಸಲು ಅವಳು ಮನೆಯಲ್ಲೇ ಕಾರ್ಡು ಮಾಡುತ್ತಿದ್ದಳು: ಅ ಅಂದರೆ ಅಳಿಲು, ಆ ಅಂದರೆ ಆನೆ. ಅದಕ್ಕಾಗಿ ಒಂದು ಪುಟ್ಟ ಲ್ಯಾಮಿನೇಶನ್ ಮೆಶಿನ್ನು ಕೊಂಡಿದ್ದಳು. ಊಟದ ಮೇಜಿನ ಮೇಲೆ ಅವು ಹರಡಿದ್ದಾಗ ಸಂಗಮೇಶ ಒಂದನ್ನು ಎತ್ತಿ ಹಿಡಿದು, "ಇದರ ಮ್ಯಾಲೆ ಅಳಿಲಿನ ಸಹಿ ಮಾಡಿಸಿದ್ದರ ನಾನೂ ಕೂಡಿಡತಿದ್ದೆ" ಎಂದು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ಆ ಮೆಶಿನ್ನಿನ ಕೆಲಸವನ್ನು ಮುಂದೆ ವಹಿಸಿಕೊಂಡವರು ಅವಳ ಅಪ್ಪ ದಾನಪ್ಪನವರು. ಬಾಗಲಕೋಟೆಯ ಕಾಲೇಜೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಮಗಳ ಮನೆ ಸೇರಿದರು. ರಿಚರ್ಡ್‌ಸನ್ನಿನಲ್ಲಿ ಅವರಿಗೆ ಇದ್ದ ಕೆಲಸ ಅದೊಂದೇ. ಅಕ್ಷರಗಳನ್ನು ತಮ್ಮ ಆಫೀಸು ಕೈಬರಹದಲ್ಲಿ ದುಂಡಗೆ ಬರೆದು, ಒಂದೊಂದೇ ಕಾರ್ಡನ್ನು ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿ ಮೆಶಿನ್ನಿಗೆ ಕೊಡುತ್ತಿದ್ದರು. ಅದು ಇನ್ನೊಂದು ಬದಿಯಿಂದ ಬೆಚ್ಚಗೆ, ಗಟ್ಟಿಯಾಗಿ ಹೊರಬಂದಾಗ ಎರಡೂ ಅಂಗೈಯಲ್ಲಿ ಹಿಡಿದು ಬೆಳಕಿಗೆ ನೋಡುತ್ತಿದ್ದರು.

ಅವರಿಗೆ ಲ್ಯಾಮಿನೇಶನ್ ಹೊಸದಲ್ಲ. ಊರು ಮುಳುಗುತ್ತದೆಂದು ಖಚಿತವಾದಾಗ ಇಡೀ ಓಣಿಯ ಕಾಗದಪತ್ರಗಳನ್ನು ಲ್ಯಾಮಿನೇಶನ್ ಮಾಡಿಸಿಕೊಟ್ಟವರು ಅವರೇ. ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡು, ಹೊಲದ ಪಹಣಿ ಉತಾರ, ರೇಷನ್ ಕಾರ್ಡು, ತೀರಿಹೋದವರ ಫೋಟೋ. ಮನೆಗೆ ಬಂದವರಿಗೆಲ್ಲ ಅವರು ಈ ಕತೆ ಹೇಳುತ್ತಿದ್ದರು. "ನೀರು ಬರಲಿ, ಗೆದ್ದಲ ಹತ್ತಲಿ, ಏನೂ ಆಗಂಗಿಲ್ಲ. ನಾ ಮಾಡಿಸಿಕೊಟ್ಟದ್ದು ಒಂದರೆ ಹಾಳಾಗಿದ್ದರ ತೋರಸ್ರಿ" ಎನ್ನುತ್ತಿದ್ದರು. ಕತೆ ಶುರುವಾದ ಕೂಡಲೇ ಸಂಗಮೇಶ ತಟ್ಟೆ ಎತ್ತಿಕೊಂಡು ಏಳುತ್ತಿದ್ದ. ಒಂದೇ ಸೂರಿನಡಿ ಅಷ್ಟು ವರ್ಷ ಇದ್ದರೂ ಮಾವ ಅಳಿಯರ ನಡುವೆ "ಉಂಡ್ರ್ಯಾ" "ಹೂಂರಿ" ಬಿಟ್ಟರೆ ಮಾತಿರಲಿಲ್ಲ. ಮಾತಾಡಲು ಮುದುಕರು ಆಸೆಪಡುತ್ತಿದ್ದರು. ಅದು ಚಿದಾನಂದನಂಥ ಹೊರಗಿನವನಿಗೂ ಕಾಣುತ್ತಿತ್ತು.

ಉಳಿದದ್ದು ಒಂಬತ್ತನೆಯ ಸಹಿ. ಲೂಥರ್ ಬೆಲ್, ವಿಕೆಟ್ ಕೀಪರಿನಂತೆ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರು. ಈಗ ಆಸ್ಟಿನ್ನಿನಲ್ಲಿ ಮೊಮ್ಮಗಳ ಮನೆಯಲ್ಲಿದ್ದರು. ಅವರು ಸಹಿ ಹಾಕುವುದಿಲ್ಲ. ಹಿಂದೆ ಯಾರೋ ಒಬ್ಬ ಅಭಿಮಾನಿ ಎಂದು ಹೇಳಿಕೊಂಡು ಬಂದು, ಅವರ ಹಳೆಯ ಕೈಗವಸಿಗೆ ಸಹಿ ಹಾಕಿಸಿಕೊಂಡು, ನೋಡಿ ಕೊಡುತ್ತೇನೆಂದು ಒಯ್ದು ಮಾರಿಬಿಟ್ಟಿದ್ದ. ಅಂದಿನಿಂದ ಯಾರಿಗೂ ಇಲ್ಲ. ಸಂಗಮೇಶ ಪ್ರತಿ ಕ್ರಿಸ್‌ಮಸ್ಸಿಗೆ ಅವರಿಗೆ ಶುಭಾಶಯ ಬರೆದ. ಉತ್ತರ ಬರಲಿಲ್ಲ. ಮತ್ತೆ ಬರೆದ. ನಿಧಿ ಆಸ್ಟಿನ್ನಿನ ವಿಶ್ವವಿದ್ಯಾಲಯ ಸೇರಿದ ಮೇಲೆ ಅವಳ ಕೈಯಲ್ಲಿ ಸಿಹಿ ಕಳಿಸಿದ. ಅವಳು ಬಾಗಿಲಲ್ಲೇ ಕೊಟ್ಟು ಬಂದಳು.

ಈ ವಸಂತದಲ್ಲಿ ಕಾಯಿಲೆ ಗೊತ್ತಾಯಿತು. ಡಾಕ್ಟರು ಹೇಳಿದ ಕಾಲ ಬಹಳ ಚಿಕ್ಕದು. ಮಧುಶ್ರೀ ಕೆಲಸಕ್ಕೆ ರಜೆ ಹಾಕಿದಳು. ಚಿದಾನಂದ ವಾರ ಬಿಟ್ಟು ವಾರ ಬರತೊಡಗಿದ. ಅಂಥದೇ ಒಂದು ಸಂಜೆ ಸಂಗಮೇಶ ಕಾರ್ಡುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಪ್ರತಿಯೊಂದೂ ಮೆತ್ತನೆಯ ಚೀಲದೊಳಗೆ, ಅದು ಮತ್ತೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ. ದಾನಪ್ಪನವರು ಬಾಗಿಲ ಹತ್ತಿರ ಬಂದು ನಿಂತರು.

"ಅಳಿಯಂದ್ರ, ಕೇಳಲ್ಯಾ ಒಂದ್ ಮಾತು? ಇವನ್ನ ಇಷ್ಟ್ ಜ್ವಾಪಾನ ಯಾಕ ಮಾಡ್ತೀರಿ? ರಟ್ಟ ಅಲ್ಲೇನ್ರಿ?"

ಬೇರೆ ದಿನವಾಗಿದ್ದರೆ ಸಂಗಮೇಶ ಹೂಂ ಎಂದು ಸುಮ್ಮನಾಗುತ್ತಿದ್ದ. ಅಂದು ಔಷಧಿ ಅವನನ್ನು ಮೆತ್ತಗೆ ಮಾಡಿತ್ತೋ ಏನೋ, ಮಾವನನ್ನು ಪಕ್ಕದಲ್ಲಿ ಕೂಡಿಸಿಕೊಂಡ. ಒಬ್ಬೊಬ್ಬನ ಮುಖ ತೋರಿಸಿ ಹೆಸರು ಹೇಳಿದ. "ಇದಕ್ಕ ಮೂರು ವೈರಿ ನೋಡ್ರಿ ಮಾವಾರ. ನೀರು, ಕೈಬೆವರು, ಗಾಳಿ. ಗಾಳಿ ತಾಗಿದ್ರ ಶಾಯಿ ಹಾರತೈತಿ. ಈ ಡಬ್ಬ್ಯಾಗೂ ಸಂದಿ ಅದಾವ, ಸ್ವಲ್ಪ ಸ್ವಲ್ಪ ಗಾಳಿ ಹೋಗೇ ಹೋಗತೈತಿ. ನಾ ಹೋದ ಮ್ಯಾಲೆ ಇವನ್ನ ನೋಡಾವ್ರು ಯಾರು ಅನ್ನೋದ ನನಗ ಚಿಂತಿ."

"ಹಂಗ್ಯಾಕ ಮಾತಾಡ್ತೀರಿ" ಎಂದರು ದಾನಪ್ಪನವರು. ಅವರ ಕಣ್ಣು ತುಂಬಿತ್ತು. ಅಡುಗೆಮನೆಗೆ ಬಂದು ಮಗಳಿಗೆ, "ಇವತ್ತ ನನ್ನ ಕೂಡ ಛಲೋ ಮಾತಾಡಿದ್ರವ್ವಾ" ಎಂದರು. ಚಿದಾನಂದನಿಗೆ ಚಹ ಸೋಸಿ ಕೊಡುವಾಗ ಅವರ ಕೈ ಹಗುರವಾಗಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ನಿಧಿ ಫೋನ್ ಮಾಡಿದಳು. ಲೂಥರ್ ಬೆಲ್ ಒಪ್ಪಿದ್ದರು. ಸಿಹಿ ಕೊಟ್ಟು ಹೋಗುತ್ತಿದ್ದ ಹುಡುಗಿಯ ಅಪ್ಪ ಹಾಸಿಗೆ ಹಿಡಿದಿದ್ದಾನೆಂದು ಮೊಮ್ಮಗಳು ಹೇಳಿದ್ದಕ್ಕೆ, "ಸರಿ, ಭಾನುವಾರ ಬರಲಿ" ಎಂದಿದ್ದರು. ಆ ವಾರ ಸಂಗಮೇಶ ಜ್ವರದಿಂದ ಆಸ್ಪತ್ರೆಯಲ್ಲಿದ್ದ. ಶನಿವಾರ ಸಂಜೆ ಹಟ ಮಾಡಿ ಮನೆಗೆ ಬಂದ. ಬರುವಾಗ ಅವನ ಮೈಯಲ್ಲಿ ಹಿಡಿ ಮಾಂಸವಿರಲಿಲ್ಲ, ಮುಖದಲ್ಲಿ ಮಾತ್ರ ಮದುವೆಗೆ ಹೊರಟವನ ಕಳೆಯಿತ್ತು.

ಭಾನುವಾರ ಬೆಳಿಗ್ಗೆ ಚಿದಾನಂದ ಅವನನ್ನು ಕಾರಿನಲ್ಲಿ ಕೂಡಿಸಿದಾಗ, ಕಾರ್ಡಿನ ಪೆಟ್ಟಿಗೆಯನ್ನು ತಂದು ಮಡಿಲಲ್ಲಿಟ್ಟವರು ದಾನಪ್ಪನವರು. ಒಂದು ಬಿಳಿ ಟವೆಲಿನಲ್ಲಿ ಸುತ್ತಿದ್ದರು.

"ಇನ್ನ ಯಾವ ಅಂಜಿಕೀನೂ ಇಲ್ಲ. ಆರಾಮ ಹೋಗಿ ಬರ್ರಿ" ಎಂದರು.

ಸಂಗಮೇಶ ಪೆಟ್ಟಿಗೆ ಬಿಚ್ಚಲಿಲ್ಲ. ಬಿಸಿಲಿನಲ್ಲಿ, ಕಾರಿನಲ್ಲಿ ಅವನು ಎಂದೂ ಕಾರ್ಡು ತೆಗೆದವನಲ್ಲ. ಆಸ್ಟಿನ್ ತನಕ ಟವೆಲಿನ ಮೇಲೆ ಕೈಯಿಟ್ಟುಕೊಂಡೇ ಕೂತ. ಹೈವೇಯ ರಿಪೇರಿಯಲ್ಲಿ ಗಾಡಿಗಳು ಇರುವೆ ಸಾಲಿನಂತೆ ಸರಿಯುತ್ತಿದ್ದವು. ನೋವಿನ ಗುಳಿಗೆ ಬೇಡವೆಂದ. ನಿದ್ದೆ ಬರುತ್ತದೆ, ಸಹಿ ಹಾಕುವಾಗ ಎಚ್ಚರ ಇರಬೇಕು ಎಂದ. ಹೊಟ್ಟೆ ಹಿಡಿದುಕೊಂಡು ಒಮ್ಮೆ ನಕ್ಕ. "ಲೇ ಚಿದ್ಯಾ, ಇವತ್ತ ಪೂರಾ ಆಗತೈತಿ ನೋಡು."

ಲೂಥರ್ ಬೆಲ್ ಹಿಂದಿನ ಜಗಲಿಯಲ್ಲಿ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ. ಕ್ಯಾಚರುಗಳದ್ದೇ ಆದ, ಮುರಿದು ಸೊಟ್ಟಗೆ ಕೂಡಿಕೊಂಡ ಬೆರಳುಗಳು. ನಿಧಿ ಮೊದಲೇ ಬಂದು ಅವರ ಪಕ್ಕದಲ್ಲಿ ಕೂತಿದ್ದಳು. ಮುದುಕರು ಸಂಗಮೇಶನನ್ನು ಮೇಲಿಂದ ಕೆಳಗೆ ನೋಡಿ, "ನನಗಿಂತ ನೀನೇ ಮುದುಕನಾಗಿದ್ದೀಯಲ್ಲಪ್ಪ" ಎಂದರು. ಎಲ್ಲರೂ ನಕ್ಕರು. ಸಂಗಮೇಶ ತನ್ನದೇ ಪೆನ್ನು ತಂದಿದ್ದ. ಹಳೆಯ ರಟ್ಟಿಗೆ ಹೊಂದುವ ನೀಲಿ ಬಾಲ್ ಪೆನ್ನು. ಅದನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಟವೆಲು ಬಿಚ್ಚಿ, ಪೆಟ್ಟಿಗೆ ತೆರೆದ.

ಡಬ್ಬಿಗಳಿರಲಿಲ್ಲ. ಒಂಬತ್ತೂ ಕಾರ್ಡು ಮಿರಮಿರ ಮಿಂಚುತ್ತಿದ್ದವು. ಒಂದೊಂದರ ಸುತ್ತಲೂ ಬೆರಳಗಲದ ಪಾರದರ್ಶಕ ಅಂಚು, ಮೂಲೆಗಳನ್ನು ಮಕ್ಕಳಿಗೆ ಚುಚ್ಚದಂತೆ ದುಂಡಗೆ ಕತ್ತರಿಸಿತ್ತು.

ಚಿದಾನಂದನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ನಿಧಿಗೆ ತಿಳಿಯಿತು. "ಓ ನೋ. ಅಜ್ಜ" ಎಂದಳು.

ಸಂಗಮೇಶ ಬೆಲ್ ಅವರ ಕಾರ್ಡನ್ನು ತೆಗೆದು ಉಗುರಿನಿಂದ ಅಂಚು ಕೆರೆದು ನೋಡಿದ. ಅಂಟು ಕರಗಿ ರಟ್ಟಿನೊಳಗೇ ಇಳಿದಿತ್ತು.

"ಕತ್ತರಿಸಿ ಬಿಡಸಾಕ ಬರಂಗಿಲ್ಲೇನು?" ಎಂದು ಚಿದಾನಂದ ಪಿಸುಗುಟ್ಟಿದ.

"ಎಳದ್ರ ಮುಖಾನೂ ಕೂಡ ಬರತೈತಿ."

ವಿಷಯವೇನೆಂದು ಮುದುಕರು ಕೇಳಿದರು. ನಿಧಿ ಇಂಗ್ಲಿಷಿನಲ್ಲಿ ಹೇಳಿದಳು: ಅಜ್ಜ ಇದನ್ನು ಜೋಪಾನ ಮಾಡಲು ಹೋಗಿ ಲ್ಯಾಮಿನೇಶನ್ ಮಾಡಿದ್ದಾರೆ, ಅವರಿಗೆ ಗೊತ್ತಿರಲಿಲ್ಲ. ಲೂಥರ್ ಬೆಲ್ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ತಮ್ಮ ಇಪ್ಪತ್ತರ ಮುಖವನ್ನು ನೋಡಿದರು. "ನನ್ನನ್ನಿನ್ನೂ ಹೂತಿಲ್ಲ, ಆಗಲೇ ಗಾಜಿನೊಳಗೆ ಇಟ್ಟುಬಿಟ್ಟಿದ್ದಾರಲ್ಲ ನಿಮ್ಮಜ್ಜ" ಎಂದು ಗಟ್ಟಿಯಾಗಿ ನಕ್ಕರು. ಬಾಲ್ ಪೆನ್ನು ತೆಗೆದುಕೊಂಡು ಒತ್ತಿದರು. ಅದು ಜಾರಿತು. ಮತ್ತೆ ಒತ್ತಿದರು, ಪ್ಲಾಸ್ಟಿಕ್ಕಿನ ಮೇಲೆ ಒಂದು ಗೀರು ಬಿತ್ತು, ಶಾಯಿ ಹೆಬ್ಬೆರಳಿಗೆ ಹತ್ತಿತು. ಅವರ ಮೊಮ್ಮಗಳು ಒಳಗಿನಿಂದ ಕಪ್ಪು ಮಾರ್ಕರ್ ತಂದು ಕೊಟ್ಟಳು.

"ಇದು ಗಾಜಿನ ಮೇಲೂ ಬರೆಯುತ್ತೆ. ಕೊಡಿಲ್ಲಿ" ಎಂದರು ಬೆಲ್. ಮುಚ್ಚಳ ತೆಗೆದರು.

"ಬೇಡ" ಎಂದ ಸಂಗಮೇಶ.

ಮುದುಕರು ತಲೆಯೆತ್ತಿದರು.

"ಪ್ಲಾಸ್ಟಿಕ್ಕಿನ ಮೇಲೆ ಬರೆದರೆ ಅದು ಕಾರ್ಡಿನ ಮೇಲೆ ಬರೆದ ಹಾಗಲ್ಲ ಸರ್. ಕ್ಷಮಿಸಿ. ಅದು ಲೆಕ್ಕಕ್ಕೆ ಬರೋದಿಲ್ಲ."

"ಅಪ್ಪಾ, ಪ್ಲೀಸ್" ಎಂದಳು ನಿಧಿ. "ಜಸ್ಟ್ ಲೆಟ್ ಹಿಮ್ ಸೈನ್."

"ಬೇಡ ಅಂದೆನಲ್ಲ."

ಲೂಥರ್ ಬೆಲ್ ಮಾರ್ಕರಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಅವರ ಮುಖದಿಂದ ನಗೆ ಹೋಗಿತ್ತು. "ನಲವತ್ತು ವರ್ಷ ಯಾರಿಗೂ ಬರೆದುಕೊಟ್ಟಿರಲಿಲ್ಲ" ಎಂದರು. "ನೀನು ಬೇರೆ ಅಂದುಕೊಂಡೆ. ನೀನೂ ಆ ಕೈಗವಸು ಒಯ್ದವನ ಹಾಗೇ. ನಿನಗೆ ನಾನು ಬೇಕಾಗಿರಲಿಲ್ಲ, ಈ ರಟ್ಟು ಬೇಕಾಗಿತ್ತು." ಮೊಮ್ಮಗಳ ತೋಳು ಹಿಡಿದು ಒಳಗೆ ಹೋದರು. ಬಾಗಿಲು ಹಾಕಿದ ಶಬ್ದ ಮೆತ್ತಗಿತ್ತು.

ವಾಪಸ್ ಬರುವಾಗ ಚಿದಾನಂದನಿಗೆ ತಡೆಯಲಾಗಲಿಲ್ಲ. ಸಾಯುವವನ ಮೇಲೆ ರೇಗಬಾರದೆಂದು ಗೊತ್ತಿದ್ದೂ ರೇಗಿದ. "ಆ ಮನಶ್ಯಾ ಪೆನ್ನ ಹಿಡದು ಕೂತಿದ್ದಾ. ಬರಸ್ಕೊಂಡಿದ್ದರ ನಿನ್ನ ಗಂಟೇನ ಹೋಗತಿತ್ತಲೇ?"

"ಸುಳ್ಳ ಸಹಿ ಆಗತಿತ್ತು."

"ಅವರ ಕೈಲೆ ಅವರ ಹೆಸರ ಬರದ್ರ ಅದ ಹೆಂಗ ಸುಳ್ಳ ಆಗತೈತಿ?"

ವೇಕೋ ದಾಟಿದ ಮೇಲೆ ಸಂಗಮೇಶ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದ: "ಎಂಟು ಮಂದೀನ ಹುಡುಕಿ ತಂದಿದ್ದೆ. ಮನ್ಯಾಗಿನ ಆ ಮುದುಕ ಒಂದ ದಿನದಾಗ ಎಲ್ಲಾರನ್ನೂ ಮುಗಿಸಿಬಿಟ್ಟ."

"ನೀ ಹೇಳಿದ್ದ ಮಾಡ್ಯಾರ ಅವರು. ನೀರು, ಬೆವರು, ಗಾಳಿ ಅಂದಾವ ಯಾರು? ನಾ ಅಲ್ಲೇ ಕೂತಿದ್ದೆ. ಮನಿಗೆ ಹೋದಮ್ಯಾಲೆ ಏನೂ ಅನಬ್ಯಾಡ. ಸಹಿ ಬಿತ್ತು ಅನ್ನು. ನನ್ನಾಣಿ."

ಮನೆಯ ಮುಂದೆ ದಾನಪ್ಪನವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕಾರಿನ ಬಾಗಿಲು ತೆರೆದು ಅಳಿಯನಿಗೆ ಕೈ ಆಸರೆ ಕೊಟ್ಟರು. "ಬಿತ್ತೇನ್ರಿ ಸಹಿ? ನೋಡಿದ್ರ್ಯಾ, ಹೆಂಗ ಮಾಡೀನಿ? ಒಂದ ಗುಳ್ಳಿ ಇಲ್ಲ, ಒಂದ ಸುಕ್ಕ ಇಲ್ಲ. ನೀವು ದವಾಖಾನ್ಯಾಗ ಇದ್ರೆಲಾ, ಆವಾಗ ಎರಡ ದಿನ ಕೂತ ಮಾಡೀನಿ. ಮೊದಲ ಅಕ್ಷರದ ಕಾರ್ಡ್ ಮ್ಯಾಲೆ ಬಿಸಿ ಎಷ್ಟ ಬೇಕು ನೋಡ್ಕೊಂಡ ಮಾಡೀನ್ರಿ. ಇನ್ನ ನೂರು ವರ್ಷ ಏನೂ ಆಗಂಗಿಲ್ಲ."

ಸಂಗಮೇಶ ಪೆಟ್ಟಿಗೆಯನ್ನು ಅವರ ಕೈಯಲ್ಲಿಟ್ಟ. "ನೀವ ಇಟ್ಕೋರಿ ಮಾವಾರ. ನಿಮ್ಮ ಅಳಿಲು, ಆನಿ ಜೋಡಿ."

ಮುದುಕರಿಗೆ ಅರ್ಥವಾಗಲಿಲ್ಲ. ನಗುತ್ತಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಮಧುಶ್ರೀ ಚಿದಾನಂದನಿಂದ ವಿಷಯ ಕೇಳಿ ತಿಳಿದು ಅಪ್ಪನಿಗೆ ಹೇಳಿದಳು. ಚಿದಾನಂದ ಹೊರಗೆ ಹೋಗಿ ನಿಂತ. ಅವನಿಗೆ ಅದನ್ನು ನೋಡಲು ಧೈರ್ಯವಿರಲಿಲ್ಲ.

ಮರುದಿನ ಮೆಶಿನ್ನು ಊಟದ ಮೇಜಿನಿಂದ ಗ್ಯಾರೇಜಿಗೆ ಹೋಯಿತು. ಕನ್ನಡ ಶಾಲೆಗೆ ಬರೆದಿಟ್ಟಿದ್ದ ಕಾಗುಣಿತದ ಹಾಳೆಗಳು ಹಾಗೇ ಉಳಿದವು. ದಾನಪ್ಪನವರು ಚಿದಾನಂದನಿಗೆ ಫೋನ್ ಮಾಡಿ, "ತಮ್ಮಾ, ನಿಮ್ಮ ಹ್ಯೂಸ್ಟನ್‌ದಾಗ ಇದನ್ನ ಬಿಡಸಾವ್ರು ಯಾರರೆ ಅದಾರೇನಪಾ?" ಎಂದು ಕೇಳಿದರು. ಚಿದಾನಂದ ಹಳೆಯ ಕಾಗದ ರಿಪೇರಿ ಮಾಡುವ ಒಬ್ಬ ಹೆಂಗಸನ್ನು ಹುಡುಕಿದ. ಒಂದೆರಡು ಕಾರ್ಡು ಉಳಿದಾವು, ಸಹಿಗಳು ಉಳಿಯುತ್ತವೆಂದು ಮಾತು ಕೊಡಲಾರೆ ಎಂದಳು ಅವಳು. ಸಂಗಮೇಶನಿಗೆ ಹೇಳಿದರೆ, "ಬಿಡಲೇ" ಎಂದ. ಲೂಥರ್ ಬೆಲ್‌ಗೆ ಒಂದು ಕ್ಷಮಾಪಣೆಯಾದರೂ ಬರೆ ಎಂದು ನಿಧಿ ಬೇಡಿಕೊಂಡಳು. ಬರೆಯಲಿಲ್ಲ. ಆಮೇಲೆ ಅವಳೇ ಹೋದಳು. ಮೊಮ್ಮಗಳು ಬಾಗಿಲಲ್ಲೇ, ತಾತ ಮಲಗಿದ್ದಾರೆ ಎಂದು ಕಳಿಸಿದಳು.

ಔಷಧಿ ನಿಲ್ಲಿಸಿದರು. ಮನೆಯ ಹಾಲ್‌ಗೆ ಆಸ್ಪತ್ರೆಯ ಮಂಚ ಬಂತು. ಆ ಮನೆಯಲ್ಲಿ ಆಮೇಲಿನ ದಿನಗಳು ಹೇಗಿದ್ದವೆಂದರೆ, ಅಳಿಯ ಹಾಲಿನಲ್ಲಿದ್ದರೆ ಮಾವ ತಮ್ಮ ಕೋಣೆಯಿಂದ ಹೊರಬರುತ್ತಿರಲಿಲ್ಲ. ಅಳಿಯನಾದರೋ ಹಾಲಿನಲ್ಲೇ ಇದ್ದ. ಮುದುಕರು ಅವನಿಗೆ ನಿದ್ದೆ ಹತ್ತುವುದನ್ನು ಕಾದು ಬಂದು ನೀರು ಕುಡಿದು ಹೋಗುತ್ತಿದ್ದರು. ಮಧುಶ್ರೀ ಇಬ್ಬರ ನಡುವೆ ತಟ್ಟೆ ಹೊತ್ತು ಓಡಾಡಿದಳು. "ನನಗ ಇವರ ಮ್ಯಾಲೆ ಸಿಟ್ಟು ಬಂದ್ರೂ ತೋರಸೂ ಹಂಗಿಲ್ಲ, ಅಪ್ಪನ ಮ್ಯಾಲೆ ಬಂದ್ರೂ ತೋರಸೂ ಹಂಗಿಲ್ಲ" ಎಂದು ಒಂದು ದಿನ ಚಿದಾನಂದನ ಮುಂದೆ ಅತ್ತಳು. ನಿಜವಾಗಿ ಅತ್ತದ್ದು ಆ ದಿನ.

ಸಂಗಮೇಶ ತೀರಿಕೊಳ್ಳುವ ಹಿಂದಿನ ದಿನ, ಗುರುವಾರ, ಚಿದಾನಂದ ಅಲ್ಲಿಯೇ ಇದ್ದ. ಮಧ್ಯಾಹ್ನ ಸಂಗಮೇಶ ಎಷ್ಟೋ ದಿನದ ಮೇಲೆ ಗೆಲುವಾಗಿದ್ದ. ಅರ್ಧ ಲೋಟ ಚಹ ಕುಡಿದ. ಡಲ್ಲಸ್ ದಾರಿಯಲ್ಲಿ ಟ್ರಾಫಿಕ್ ಹೇಗಿತ್ತು ಎಂದು ಕೇಳಿದ. ಟಿವಿಯಲ್ಲಿ ಯಾವುದೋ ದೂರದ ಊರುಗಳ ಎರಡು ತಂಡಗಳ ಬೇಸ್‌ಬಾಲ್ ನಡೆಯುತ್ತಿತ್ತು. ಅವನಿಗೆ ಎರಡರಲ್ಲೂ ಆಸಕ್ತಿಯಿರಲಿಲ್ಲ. ಧ್ವನಿ ಪೂರ್ತಿ ಇಳಿಸಿ, ಹಸಿರು ಮೈದಾನವನ್ನಷ್ಟೇ ನೋಡುತ್ತಿದ್ದ.

ಆಗ ದಾನಪ್ಪನವರು ಕೋಣೆಯಿಂದ ಬಂದರು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಟ್ರಂಕಿನಲ್ಲಿ ಎತ್ತಿಟ್ಟಿದ್ದ ಬಿಳಿ ಅಂಗಿ ತೊಟ್ಟಿದ್ದರು. ಮಂಚದ ಪಕ್ಕಕ್ಕೆ ಬಂದು ನಿಂತು ಎರಡೂ ಕೈ ಜೋಡಿಸಿದರು. ಮಧುಶ್ರೀ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತುಬಿಟ್ಟಳು.

"ಅಳಿಯಂದ್ರ, ತಪ್ಪಾತ್ರಿ" ಎಂದರು ಮುದುಕರು. "ಕೇಳದ ಮಾಡಿಬಿಟ್ಟೆ. ನಿಮಗ ಖುಷಿ ಆಗತೈತಿ ಅಂತ ಮಾಡಿದ್ದೆ. ಹಿರ್‍ಯಾಂವ ಅಂತ ನೋಡಬ್ಯಾಡ್ರಿ, ಬೈರಿ. ಬೈದ್ರೂ ನಡೀತೈತಿ. ಒಂದ ಮಾತ ಅನ್ರಿ. ಹಿಂಗ ಸುಮ್ಮನ ಇರಬ್ಯಾಡ್ರಿ."

ಸಂಗಮೇಶ ಅವರನ್ನು ನೋಡಿದ. ಚೆನ್ನಾಗಿ ಎಚ್ಚರವಿತ್ತು, ಯಾರು ನಿಂತಿದ್ದಾರೆ, ಏನು ಕೇಳುತ್ತಿದ್ದಾರೆ ಎಲ್ಲ ತಿಳಿದಿತ್ತು. ಚಿದಾನಂದ ಮನಸ್ಸಿನಲ್ಲೇ, ಅನ್ನಲೇ, ಏನಾದರೊಂದು ಅನ್ನಲೇ ಎಂದುಕೊಂಡ. ಸಂಗಮೇಶನ ಕೈ ಹೊದಿಕೆಯ ಮೇಲಿಂದ ನಿಧಾನವಾಗಿ ಎದ್ದಿತು. ದಾನಪ್ಪನವರು ಜೋಡಿಸಿದ ಕೈಗಳನ್ನು ಬಿಡಿಸಿ, ಬಾಗಿ, ಅದನ್ನು ಹಿಡಿಯಲು ತಮ್ಮ ಕೈ ಚಾಚಿದರು.

ಆ ಕೈ ಅವರ ಕೈಯನ್ನು ದಾಟಿ ಹೋಗಿ ಸ್ಟೂಲಿನ ಮೇಲಿದ್ದ ರಿಮೋಟನ್ನು ಎತ್ತಿಕೊಂಡಿತು. ಸಂಗಮೇಶ ಟಿವಿಯ ಧ್ವನಿ ಏರಿಸಿದ.